ತಾಳು ಕಂದ, ಈ ಪುಟ ಮುಗಿಯಲಿ!

ಈ ಪತ್ರಿಕೆ ನಿಮ್ಮ ಮನೆಗೆ ಬಂದು ಎಷ್ಟು ದಿನವಾಯಿತು? ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ ನೀವು ಉತ್ತರ ಹೇಳುವುದೇ ಬೇಡ, ನಾನೇ ಹೇಳಿಬಿಡುತ್ತೇನೆ. ಬಂದ ದಿನ ಮುಖಪುಟ ನೋಡಿದ್ದೀರಿ. ಮಾರನೆಯ ದಿನ ಅಡುಗೆ ಪುಟ ತೆರೆದಿರಿ, ಅಷ್ಟರಲ್ಲಿ ಯಾರೋ ಸ್ಟೂಲಿನಿಂದ ಬಿದ್ದರು. ನಾಲ್ಕನೆಯ ದಿನ ಹುಡುಕಿದರೆ ಅದೇ ಅಡುಗೆ ಪುಟ ದೋಣಿಯಾಗಿ ಬಚ್ಚಲುಮನೆಯ ಬಕೆಟ್ಟಿನಲ್ಲಿ ತೇಲುತ್ತಿತ್ತು. ಈಗ ಈ ಲೇಖನವನ್ನಾದರೂ ಕೂತು ಓದುತ್ತಿದ್ದೀರೋ, ಇಲ್ಲಾ ಒಂದು ಕಾಲಿನಲ್ಲಿ ತೊಟ್ಟಿಲು ತೂಗುತ್ತಾ... ಇರಲಿ, ಹೇಗಾದರೂ ಓದಿ. ಮಧ್ಯೆ ಎದ್ದು ಹೋಗಬೇಕಾಗಿ ಬಂದರೆ ಸಂಕೋಚ ಬೇಡ. ಬರೆದವಳೂ ಹದಿನೆಂಟು ಸಲ ಎದ್ದು ಹೋಗಿ ಬಂದೇ ಬರೆದದ್ದು.

ಮಕ್ಕಳಿಗೆ ಪುಸ್ತಕ ಓದಿ ಹೇಳಿ ಎಂದು ಎಲ್ಲರೂ ತಾಯಂದಿರಿಗೆ ಉಪದೇಶ ಮಾಡುತ್ತಾರೆ. ಶಾಲೆಯ ಟೀಚರು ಹೇಳುತ್ತಾರೆ, ಡಾಕ್ಟರು ಹೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತ ಅಪರಿಚಿತ ಹೆಂಗಸು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳುತ್ತಾರೆ. ಒಳ್ಳೆಯ ಮಾತೇ, ನನ್ನದೇನೂ ತಕರಾರಿಲ್ಲ. ಆದರೆ "ಏನಮ್ಮಾ, ನೀನು ಏನು ಓದ್ತಾ ಇದ್ದೀಯ ಈಗ?" ಎಂದು ನಿಮ್ಮನ್ನು ಯಾರಾದರೂ ಕೇಳಿದ್ದಾರೆಯೇ? ಮಗುವಿಗಾಗಿ ಅಲ್ಲ, ಮನೆಗಾಗಿ ಅಲ್ಲ, ಸುಮ್ಮನೆ ನಿಮ್ಮ ಖುಷಿಗಾಗಿ? ನನ್ನನ್ನಂತೂ ಮಕ್ಕಳಾದ ಮೇಲೆ ಒಬ್ಬರೂ ಕೇಳಿಲ್ಲ. ಗಂಡಸರು ಬೆಳಿಗ್ಗೆ ಪೇಪರ್ ಹಿಡಿದು ಕೂತರೆ "ಪೇಪರ್ ಓದ್ತಿದ್ದಾರೆ, ಗಲಾಟೆ ಮಾಡಬೇಡಿ" ಅಂತ ಮಕ್ಕಳನ್ನು ಗದರುತ್ತೇವೆ. ಅದೇ ಹೆಂಗಸು ಕಾದಂಬರಿ ಹಿಡಿದು ಕೂತರೆ? "ಸುಮ್ಮನೆ ಕೂತಿದ್ದಾಳೆ" ಅಂತಾರೆ! ಸುಮ್ಮನೆ ಕೂತವಳಿಗೆ ಕೆಲಸ ಹೇಳುವುದಕ್ಕೆ ಯಾರಿಗೇನು ಅಡ್ಡಿ?

ದೊಡ್ಡವರದು ಹಾಗಿರಲಿ, ಮಕ್ಕಳ ವಿಚಾರಕ್ಕೆ ಬನ್ನಿ. ನಮ್ಮ ಮನೆಯಲ್ಲಿ ಎರಡಿವೆ. ದೊಡ್ಡವಳಿಗೆ ಆರು ನಡೆಯುತ್ತಿದೆ, ಚಿಕ್ಕವನಿಗೆ ಮೂರು ತುಂಬಿದೆ. ನಾನು ಪಾತ್ರೆ ತೊಳೆಯುವಾಗ ಇವರಿಬ್ಬರಿಗೂ ನನ್ನ ನೆನಪೇ ಇರುವುದಿಲ್ಲ. ಬಟ್ಟೆ ಮಡಚುವಾಗ, ಕಾಯಿ ತುರಿಯುವಾಗ ಅವರ ಪಾಡಿಗೆ ಅವರು. ಪುಸ್ತಕ ತೆಗೆದೆನೋ, ಮುಗಿಯಿತು! ಒಬ್ಬನಿಗೆ ನೀರಡಿಕೆ, ಇನ್ನೊಬ್ಬಳಿಗೆ ಮೊನ್ನೆ ಬಿದ್ದ ಗಾಯ ಈಗ ಉರಿಯುತ್ತದೆ. "ಅಮ್ಮಾ, ಹಲ್ಲಿಗೆ ಬಾಲ ಬಿದ್ದುಹೋದರೆ ಅದು ಅಳತ್ತಾ?" "ಅಮ್ಮಾ, ನೀನು ಚಿಕ್ಕವಳಾಗಿದ್ದಾಗ ನಾನು ಎಲ್ಲಿದ್ದೆ?" ಇಂಥ ಪ್ರಶ್ನೆಗಳೆಲ್ಲ ಅಷ್ಟು ಹೊತ್ತು ಎಲ್ಲಿ ಅಡಗಿದ್ದವೋ, ಪುಟ ತಿರುಗಿಸುವ ಸದ್ದಿಗೇ ಎದ್ದು ಬರುತ್ತವೆ.

ಇದೇಕೆ ಹೀಗೆ ಎಂದು ನಾನು ತುಂಬಾ ಯೋಚಿಸಿದ್ದೇನೆ. (ಯೋಚಿಸುವುದಕ್ಕೇನು, ಪಾತ್ರೆ ತೊಳೆಯುವಾಗ ಬೇಕಾದಷ್ಟು ಸಮಯ ಸಿಗುತ್ತದೆ.) ನನಗೆ ಹೊಳೆದದ್ದು ಇಷ್ಟು: ಕೈ ಕೆಲಸದಲ್ಲಿದ್ದರೂ ಅಮ್ಮ ಮನೆಯಲ್ಲೇ ಇರುತ್ತಾಳೆ. ಪುಸ್ತಕ ಹಿಡಿದ ಅಮ್ಮ ಮಾತ್ರ ಕೂತಲ್ಲೇ ಕೂತು ಎಲ್ಲಿಗೋ ಹೊರಟುಹೋಗಿರುತ್ತಾಳೆ. ಚಪ್ಪಲಿ ಬಾಗಿಲಲ್ಲೇ ಇದೆ, ಆದರೆ ಆಳು ಇಲ್ಲ! ಮಕ್ಕಳಿಗೆ ಇದು ಹೇಗೋ ಗೊತ್ತಾಗಿಬಿಡುತ್ತದೆ. ಅವು ಪುಸ್ತಕವನ್ನು ಕಿತ್ತುಕೊಳ್ಳಲು ಬರುವುದಿಲ್ಲ, ಊರು ಬಿಟ್ಟು ಹೋದ ಅಮ್ಮನನ್ನು ವಾಪಸು ಕರೆತರಲು ಬರುತ್ತವೆ. ಹಾಗೆಂದುಕೊಂಡ ಮೇಲೆ ನನಗೆ ಅವುಗಳ ಮೇಲೆ ಸಿಟ್ಟು ಬರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಉಳಿದರ್ಧ ಇನ್ನೂ ಇದೆ.

ಇನ್ನು ಮಕ್ಕಳಿಗೆ ಓದಿ ಹೇಳುವ ವಿಷಯ. ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ನಿಮಗೆ ಗೊತ್ತಿರಬೇಕು. ವರ್ಷದ ಒಂದೊಂದು ದಿನಕ್ಕೂ ಒಂದೊಂದು ಕಥೆ. ಅವರು ಡಾಕ್ಟರು ನೋಡಿ, ಔಷಧಿಯ ಹಾಗೆ ಅಳತೆ ಮಾಡಿ ದಿನಕ್ಕೊಂದು ಎಂದು ಬರೆದುಕೊಟ್ಟರು. ಆದರೆ ಯಾವ ಮಗು ತಾನೇ ಒಂದಕ್ಕೆ ನಿಲ್ಲುತ್ತದೆ? ನಮ್ಮವು ಜನವರಿ ತಿಂಗಳನ್ನು ನಾಲ್ಕು ರಾತ್ರಿಯಲ್ಲಿ ಮುಗಿಸಿದವು. ಆಮೇಲೆ ಹೊಸ ಕಥೆ ಬೇಡವೇ ಬೇಡ, ಅದರಲ್ಲಿ ಒಂದನ್ನು ಹಿಡಿದು ಅದನ್ನೇ ಓದು ಎಂದು ರಚ್ಚೆ.

ಈ 'ಅದೇ ಕಥೆ'ಯ ಹಿಂಸೆ ಅನುಭವಿಸಿದವರಿಗೇ ಗೊತ್ತು. ಹದಿನೇಳನೆಯ ಸಲ ಓದುವಾಗ ನಿದ್ದೆ ತೂಗಿ ಒಂದು ಸಾಲು ಹಾರಿಸಿದರೆ, ಅರ್ಧ ಕಣ್ಣು ಮುಚ್ಚಿದ್ದ ಮೂರು ವರ್ಷದ ಪೋರ ಎದ್ದು ಕೂರುತ್ತಾನೆ: "ಹಾಗಲ್ಲ! ಆಮೇಲೆ ನರಿ ಬರತ್ತೆ!" ಲೆಕ್ಕಪತ್ರ ತಪಾಸಣೆಯವರೂ ಇಷ್ಟು ಬಿಗಿಯಾಗಿರಲಾರರು. ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ ಮಕ್ಕಳಿಗೆ ಹೊಸ ಪದಗಳು ಚೆನ್ನಾಗಿ ಅಂಟುತ್ತವೆ ಎಂದು ಮಕ್ಕಳ ಕಲಿಕೆಯನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಇರಬಹುದು. ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿರುವುದರಲ್ಲಿ ಒಂದು ಸುಖವೂ ಇದೆ. ದಿನವಿಡೀ ದೊಡ್ಡವರು ಹೇಳಿದಂತೆ ಏಳು, ಕೂರು, ಉಣ್ಣು ಎಂದು ನಡೆಯುವ ಆ ಪುಟ್ಟ ಜೀವಕ್ಕೆ ಎಲ್ಲವೂ ತನಗೆ ಗೊತ್ತಿರುವ ಜಾಗ ಅದೊಂದೇ ತಾನೇ? ನಾವು ಗೊತ್ತಿದ್ದೂ ಗೊತ್ತಿದ್ದೂ ಹಳೆಯ ಸಿನಿಮಾ ನೋಡುವುದಿಲ್ಲವೇ!

ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ನಡೆದಿರುವುದು ಕಾಗಕ್ಕ ಗುಬ್ಬಕ್ಕನ ಕಥೆ. ಇದಕ್ಕೆ ಪುಸ್ತಕವೇ ಬೇಡ, ನಿಮ್ಮ ಅಜ್ಜಿಯೂ ಹೇಳಿರುತ್ತಾರೆ. ಕಾಗಕ್ಕನ ಮನೆ ಸಗಣಿಯದು, ಗುಬ್ಬಕ್ಕನ ಮನೆ ಕಲ್ಲಿನದು. ಜೋರು ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಕೊಂಡು ಹೋಗುತ್ತದೆ. ಕಾಗಕ್ಕ ಬಂದು ಬಾಗಿಲು ತಟ್ಟಿದರೆ ಗುಬ್ಬಕ್ಕ ಒಂದೊಂದೇ ಕೆಲಸ ಹೇಳುತ್ತದೆ, ಮಗುವಿಗೆ ಎಣ್ಣೆ ಹಚ್ಚಬೇಕು, ನೀರು ಹಾಕಬೇಕು, ಹಾಲು ಕುಡಿಸಬೇಕು, ಮಲಗಿಸಬೇಕು, ಸ್ವಲ್ಪ ತಾಳು ಎಂದು. ಚಿಕ್ಕವಳಿದ್ದಾಗ ನನಗೆ ಈ ಗುಬ್ಬಿಯ ಮೇಲೆ ಬಹಳ ಕೋಪವಿತ್ತು. ಪಾಪ, ಮಳೆಯಲ್ಲಿ ನೆನೆಯುತ್ತಿರುವವಳನ್ನು ನಿಲ್ಲಿಸಿಕೊಂಡು ಇದೆಂಥ ಜಂಬ! ಈಗ ಹೇಳಲಾ? ಗುಬ್ಬಕ್ಕನಿಗೆ ದಿನಾ ರಾತ್ರಿ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ನಾವು ಕೇಳಿ ಬೆಳೆದ ಕಥೆಗಳಲ್ಲಿ ಬಾಗಿಲು ತಟ್ಟಿದ ಕೂಡಲೇ ಎದ್ದು ಓಡದೆ "ತಾಳು" ಎಂದ ಗೃಹಿಣಿ ನನಗೆ ಸಿಕ್ಕಿರುವುದು ಈ ಗುಬ್ಬಿಯೊಂದೇ. ಒಂದೇ ವ್ಯತ್ಯಾಸ, ಅವಳು ತಾಳು ಎಂದದ್ದು ಮಗುವಿಗಾಗಿ, ನಾನು ಮಗುವಿಗೇ ತಾಳು ಎನ್ನುತ್ತೇನೆ.

ಮೊನ್ನೆ ದೊಡ್ಡವಳು ಕೇಳಿದಳು: "ಅಮ್ಮಾ, ಗುಬ್ಬಕ್ಕ ಪಾಪೂಗೆ ನೀರು ಹಾಕ್ತಿದ್ರೆ ಗುಬ್ಬಣ್ಣ ಹೋಗಿ ಬಾಗಿಲು ತೆಗೀಬೇಕಿತ್ತು ತಾನೇ? ಅವನೆಲ್ಲಿದ್ದ?" ಇಷ್ಟು ತಲೆಮಾರಿನ ಅಜ್ಜಿಯರಿಗೆ ಹೊಳೆಯದ ಪ್ರಶ್ನೆ! ನಾನು ನಮ್ಮನೆಯವರ ಕಡೆ ನೋಡಿದೆ. ಮೊಬೈಲಿನಿಂದ ತಲೆ ಎತ್ತದೆ, "ಆಫೀಸಿನಲ್ಲಿ ಮೀಟಿಂಗ್ ಇತ್ತಂತೆ" ಎಂದರು.

ಮಕ್ಕಳ ಪುಸ್ತಕ ಓದುವಾಗ ತಾಯಿಗೆ ಒಂದು, ಮಕ್ಕಳಿಗೆ ಇನ್ನೊಂದು ಕೇಳಿಸುವುದೂ ಉಂಟು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಓದಿ ನೋಡಿ, ಇಂಗ್ಲಿಷ್ ಕವಿ ಬ್ರೌನಿಂಗನ ಕಥೆಯನ್ನು ನಮ್ಮೂರಿನದೇ ಮಾಡಿಬಿಟ್ಟಿದ್ದಾರೆ. ಇಲಿಗಳು ಸಾಲಾಗಿ ಹೊರಟಾಗ ಮಕ್ಕಳು ಹಾಸಿಗೆಯ ಮೇಲೆ ಎದ್ದು ಕುಣಿಯುತ್ತವೆ. ಆಮೇಲೆ ಊರಿನ ಮಕ್ಕಳೇ ಜೋಗಿಯ ಹಿಂದೆ ಹೊರಡುವಾಗ ನನ್ನ ಗಂಟಲು ಕಟ್ಟುತ್ತದೆ. ನಮ್ಮ ಚಿಕ್ಕವನಿಗೆ ಅದೇ ಬಹಳ ಸಂತೋಷ. "ನಮ್ಮನೇಗೂ ಬರ್ತಾನಾ?" ಎಂದು ಕೇಳುತ್ತಾನೆ. ಭಾನುವಾರ ಮಧ್ಯಾಹ್ನಗಳಲ್ಲಿ, ಒಂದರ್ಧ ಗಂಟೆ ಮಟ್ಟಿಗಾದರೆ ಜೋಗಿ ಬಂದರೂ ಬರಲಿ ಎಂದು ನನಗೂ ಅನಿಸಿದ್ದುಂಟು. ನಿಜ ಹೇಳಿ, ನಿಮಗೆ ಅನಿಸಿಲ್ಲವೇ?

ಅಂದ ಹಾಗೆ, ಬಿಡಿ ಬಿಡಿಯಾಗಿ ಕದ್ದು ಓದುವುದು ನಮ್ಮ ಕಾಲದ ಕಷ್ಟ ಎಂದುಕೊಳ್ಳಬೇಡಿ. ನಮ್ಮ ಅಜ್ಜಿ, ಅಮ್ಮಂದಿರ ಓದೆಲ್ಲ ಹೀಗೇ ನಡೆದದ್ದು. ವಾರಪತ್ರಿಕೆಗಳ ಧಾರಾವಾಹಿ ಎಂದರೇನು? ವಾರಕ್ಕೆ ಮೂರು ನಾಲ್ಕು ಪುಟ, ಒಂದು ಸಲ ಒಲೆಯ ಮೇಲೆ ಬೇಳೆ ಬೇಯುವಷ್ಟು ಹೊತ್ತಿನ ಓದು. 1965ರಲ್ಲಿ 'ಸುಧಾ' ಶುರುವಾದ ಮೇಲಂತೂ ಎಷ್ಟೋ ಮನೆಗಳಲ್ಲಿ ವಾರದ ಲೆಕ್ಕವೇ ಧಾರಾವಾಹಿಯ ಮೇಲೆ ನಡೆಯುತ್ತಿತ್ತು. ಕಂತುಗಳನ್ನು ಕತ್ತರಿಸಿ, ಗೋಣಿ ಸೂಜಿಯಲ್ಲಿ ಪೋಣಿಸಿ, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡಿಟ್ಟುಕೊಳ್ಳುತ್ತಿದ್ದರು. ನಮ್ಮಮ್ಮನ ಟ್ರಂಕಿನಲ್ಲಿ ಅಂಥವು ಇನ್ನೂ ಇವೆ. ಅವುಗಳಲ್ಲಿ ಒಂದೊಂದು ಕಂತಿನ ಹಿಂಬದಿಗೆ ಸ್ವೆಟರಿನ ನಮೂನೆ, ಉಪ್ಪಿನಕಾಯಿ, ಸೋಪಿನ ಜಾಹೀರಾತು. ನಾಯಕಿಯ ಕಣ್ಣೀರಿನ ಬೆನ್ನಿಗೇ ಮಾವಿನಕಾಯಿ ಗೊಜ್ಜು! ಆಗ "ಕಾದಂಬರಿ ಓದಿದರೆ ಹೆಣ್ಣುಮಕ್ಕಳು ಕೆಡುತ್ತಾರೆ" ಎಂದು ಬೈಯುತ್ತಿದ್ದ ಹಿರಿಯರ ಮನೆಗಳಲ್ಲೇ ಈಗ "ಮಕ್ಕಳು ಏನೂ ಓದೋದೇ ಇಲ್ಲ" ಎಂದು ಗೋಳಾಡುತ್ತಿದ್ದಾರೆ.

ಒಂದು ಮಾತ್ರ ನಗು ಬಿಟ್ಟು ಹೇಳಬೇಕು. ಎರಡನೆಯ ಬಾಣಂತಿತನದಲ್ಲಿ ರಾತ್ರಿ ಎರಡು ಗಂಟೆ, ಮೂರು ಗಂಟೆಗೆ ಹಾಲು ಕುಡಿಸುತ್ತಾ ಕೂರುತ್ತಿದ್ದೆ. ಬಂದವರೆಲ್ಲ ಮಗುವಿನ ತೂಕ ಕೇಳುತ್ತಿದ್ದರು, ಮಗುವಿನ ಬಣ್ಣ ನೋಡುತ್ತಿದ್ದರು. ನನಗೋ ಕಾರಣವಿಲ್ಲದೆ ಅಳು ಬರುತ್ತಿತ್ತು. ಆ ರಾತ್ರಿಗಳಲ್ಲಿ ಓದಿದ್ದು ತ್ರಿವೇಣಿಯವರ 'ಶರಪಂಜರ'. ಮನೋವಿಜ್ಞಾನ ಓದಿದ್ದ ಹೆಂಗಸು ಬರೆದ ಕಾದಂಬರಿ ಅದು. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರು ಅವಳನ್ನು ಗುಣವಾಗಲು ಬಿಡುವುದಿಲ್ಲ. ಪುಟ್ಟಣ್ಣ ಕಣಗಾಲರ ಸಿನಿಮಾ ನಾನೂ ಟಿ.ವಿ.ಯಲ್ಲಿ ನೋಡಿದ್ದೆ, 1971ರದು. ಆದರೆ ತೊಡೆಯ ಮೇಲೆ ಮಗು ಇಟ್ಟುಕೊಂಡು ಓದುವುದೇ ಬೇರೆ. ಎಲ್ಲರೂ ಮಗುವನ್ನು ನೋಡುವಾಗ ಈ ಒಬ್ಬರು ತಾಯಿಯನ್ನು ನೋಡಿದ್ದರು. ಇದಕ್ಕಿಂತ ಖುಷಿಯ ಪುಸ್ತಕ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನನಗೆ ಅದರಿಂದ ಹಗುರವಾಯಿತು, ಅಷ್ಟು ಮಾತ್ರ ಬಲ್ಲೆ. 1963ರಲ್ಲಿ, ಹೆಣ್ಣು ಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ ತ್ರಿವೇಣಿ ತೀರಿಕೊಂಡರು. ಆಗ ಅವರ ವಯಸ್ಸು 34.

(ಇದೇ ನೆಪದಲ್ಲಿ ಒಂದು ಮಾತು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಬಹಳ ಮಂದಿಗೆ ಸಹಜ. ಎರಡು ವಾರ ಕಳೆದರೂ ಅದು ಹೋಗದಿದ್ದರೆ, ಮಗುವನ್ನು ಕಂಡರೂ ಏನೂ ಅನಿಸದಿದ್ದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಕೂಡಲೇ ಡಾಕ್ಟರ ಹತ್ತಿರ ಹೇಳಿ. ಇದು ಚಿಕಿತ್ಸೆ ಇರುವ ಕಾಯಿಲೆ. "ಎಲ್ಲರೂ ಹೆತ್ತಿಲ್ಲವೇ" ಎನ್ನುವವರ ಮಾತಿಗೆ ಕಾಯಬೇಡಿ.)

ನಮ್ಮ ಅತ್ತೆಯವರ ಕಥೆ ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಕೈಯಲ್ಲಿ ಪುಸ್ತಕ ಕಂಡರೆ, "ಅದೇನು ಅನ್ನ ಹಾಕುತ್ತಾ?" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದರು, ಮಕ್ಕಳು ಮಲಗಿದ್ದವು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ನನ್ನ ಕೈಯಲ್ಲಿತ್ತು. ಸುಮ್ಮನೆ ನಾಲ್ಕು ಸಾಲು ಗಟ್ಟಿಯಾಗಿ ಓದಿದೆ. ಅತ್ತೆ ಏನೂ ಅನ್ನಲಿಲ್ಲ. ಮಾರನೆಯ ದಿನ ಸೊಪ್ಪು ಇರಲಿಲ್ಲ, ಅವರೇ ಅಕ್ಕಿ ಆರಿಸುವ ಮೊರ ಹಿಡಿದು ಬಂದು ಕೂತು, "ಆ ಹುಡುಗಿ ಆಮೇಲೇನು ಮಾಡಿದಳು?" ಎಂದರು. ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ! ಪ್ಯಾಕೆಟ್ಟಿನ ಅಕ್ಕಿಯಲ್ಲಿ ಎಲ್ಲಿಯ ಕಲ್ಲು? ಹಾಗೆ ಹದಿನೈದು ದಿನ ನಡೆಯಿತು. ಗಂಡನ ಮುಖವನ್ನೂ ಸರಿಯಾಗಿ ನೋಡದ ಪುಟ್ಟ ಹುಡುಗಿ ಮಡಿ ಹೆಂಗಸಾಗಿ ಮುದುಕಿಯಾಗುವ ಕಥೆ ನಿಮಗೆ ಗೊತ್ತೇ ಇದೆ. ಇಂದಿರಾ ಅವರು ತಮ್ಮ ಮನೆತನದಲ್ಲೇ ಬಾಳಿದ್ದ ಹಿರಿಯರ ಕಥೆಯನ್ನು ತಾಯಿಯ ಬಾಯಿಂದ ಕೇಳಿ ಬರೆದದ್ದು. ಮುಗಿದ ದಿನ ಅತ್ತೆ ಮೊರ ಕೆಳಗಿಟ್ಟು, "ನಮ್ಮ ದೊಡ್ಡತ್ತೆ ಒಬ್ಬರು ಹಾಗೇ ಇದ್ದರು. ಅವರ ಹೆಸರು ಏನೂಂತ ನಾವ್ಯಾರೂ ಕೇಳಲೇ ಇಲ್ಲ" ಎಂದರು. ಬಹಳ ಹೊತ್ತು ಹಾಗೇ ಕೂತಿದ್ದರು. ಅಂದು ಸಂಜೆ ಕಾಫಿಯನ್ನು ನಾನು ಮಾಡಿದೆನೋ ಅವರು ಮಾಡಿದರೋ ನೆನಪಿಲ್ಲ.

ಈಗ ಸಂಜೆ ಅರ್ಧ ಗಂಟೆ ಮಕ್ಕಳನ್ನು ಪಾರ್ಕಿಗೆ ಅವರೇ ಕರೆದುಕೊಂಡು ಹೋಗುತ್ತಾರೆ. ಷರತ್ತು ಒಂದೇ, ಅಷ್ಟರಲ್ಲಿ ನಾನು ಮುಂದಿನ ಅಧ್ಯಾಯ ಓದಿ ಮುಗಿಸಿರಬೇಕು, ರಾತ್ರಿ ಅವರಿಗೆ ಕಥೆ ಒಪ್ಪಿಸಬೇಕು. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂದಾಗ ಅವರಿಗೆ 46 ವರ್ಷ ಎಂದು ಹೇಳಿದ ಮೇಲಂತೂ ಅತ್ತೆ ನನ್ನನ್ನು ಒಂಥರಾ ಅನುಮಾನದಿಂದ ನೋಡುತ್ತಾರೆ. ಇವಳೂ ಎಲ್ಲಿ ನಮ್ಮ ಮೇಲೆ ಬರೆದುಬಿಡುತ್ತಾಳೋ ಎಂದು!

ನಿಮ್ಮ ಮನೆಯಲ್ಲಿ ಅಂಥ ಅರ್ಧ ಗಂಟೆ ಸಿಗುವುದಿಲ್ಲವೇ? ಹಾಗಾದರೆ ಅಡುಗೆಮನೆಯ ಗಡಿಯಾರವನ್ನೇ ನಂಬಬೇಕು. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಎರಡು ಪುಟ ಓದಬಹುದು. ಇಡ್ಲಿ ಬೇಯುವ 12 ನಿಮಿಷಕ್ಕೆ ಒಂದು ಪುಟ್ಟ ಕಥೆ. ದೋಸೆ ಓದಿಗೆ ಒಗ್ಗುವ ತಿಂಡಿಯಲ್ಲ, ಹೋಳಿಗೆಯ ದಿನ ಪುಸ್ತಕದ ಆಸೆಯನ್ನೇ ಬಿಡಿ. ಹಾಲು ಉಕ್ಕಿತು ಅಂತ ಯಾರಾದರೂ ಪುಸ್ತಕಕ್ಕೆ ಬೈದರೆ, ಒಂದಕ್ಷರ ಓದದವರ ಮನೆಯಲ್ಲೂ ಹಾಲು ಉಕ್ಕುತ್ತದೆ ಎಂದು ಹೇಳಿ. ಪುಸ್ತಕ ಆರಿಸುವಾಗಲೂ ಸ್ವಲ್ಪ ಉಪಾಯ ಬೇಕು. ಸಣ್ಣ ಕಥೆ, ಹರಟೆ, ಪ್ರವಾಸಕಥನ ತುಂಡು ಸಮಯಕ್ಕೆ ಹೇಳಿ ಮಾಡಿಸಿದವು. ನಾನು ಹಠ ಹಿಡಿದು 'ಮಲೆಗಳಲ್ಲಿ ಮದುಮಗಳು' ಶುರುಮಾಡಿದೆ. ಗೌರಿ ಹಬ್ಬಕ್ಕೆ ಹಿಡಿದದ್ದು ಯುಗಾದಿಗೆ ಮುಗಿಯಿತು. ಅಷ್ಟು ಜನ, ಅಷ್ಟು ಮನೆತನ, ಯಾರು ಯಾರಿಗೆ ಏನಾಗಬೇಕೆಂದು ಪುಸ್ತಕದ ಹಿಂದೆ ಹಾಲಿನ ಲೆಕ್ಕದ ಹಾಗೆ ಬರೆದಿಟ್ಟುಕೊಂಡಿದ್ದೆ. ಆದರೂ ಆ ಏಳು ತಿಂಗಳು ಗುತ್ತಿಯೂ ಅವನ ನಾಯಿ ಹುಲಿಯನೂ ನಮ್ಮನೆಯವರೇ ಆಗಿಬಿಟ್ಟಿದ್ದರು. ಒಂದೇ ರಾತ್ರಿಯಲ್ಲಿ ಓದಿ ಮುಗಿಸುವವರಿಗೆ ಈ ಸುಖ ಎಲ್ಲಿಂದ ಬರಬೇಕು?

ಮೊಬೈಲಿನಲ್ಲಿ ಓದಬಹುದಲ್ಲ ಎನ್ನುತ್ತೀರೇನೋ. ಓದಬಹುದು, ನಾನೂ ಓದುತ್ತೇನೆ. ಆದರೆ ಮೊಬೈಲು ಹಿಡಿದ ಅಮ್ಮ ಕರೆಂಟು ಬಿಲ್ಲು ಕಟ್ಟುತ್ತಿದ್ದಾಳೋ, ತಂಗಿಯ ಹತ್ತಿರ ಹರಟುತ್ತಿದ್ದಾಳೋ, ಕಥೆ ಓದುತ್ತಿದ್ದಾಳೋ ಮಗುವಿಗೆ ತಿಳಿಯುವುದು ಹೇಗೆ? ಪುಸ್ತಕವಾದರೆ ಎದುರಿಗೇ ಕಾಣುತ್ತದೆ. ಅಮ್ಮ ಇಷ್ಟು ಓದಿದ್ದಾಳೆ, ಇನ್ನಿಷ್ಟು ದಪ್ಪ ಉಳಿದಿದೆ ಎಂದು ನಮ್ಮ ಚಿಕ್ಕವನೂ ಬೆರಳಿಟ್ಟು ಅಳೆಯುತ್ತಾನೆ. ದುಡ್ಡಿನ ಚಿಂತೆಯಾದರೆ ಒಂದು ಗುಟ್ಟು ಹೇಳುತ್ತೇನೆ. 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂತು. ಮನೆಗಂದಾಯದ ಜೊತೆಗೆ ಗ್ರಂಥಾಲಯಕ್ಕೆಂದೇ ಶೇಕಡ 6ರಷ್ಟು ಕರ ನಾವೆಲ್ಲ ಕಟ್ಟುತ್ತಿದ್ದೇವೆ, ರಸೀದಿ ತೆಗೆದು ನೋಡಿ. ಕಟ್ಟಿದ ದುಡ್ಡಿಗೆ ಪುಸ್ತಕ ತರದಿದ್ದರೆ ಯಾರಿಗೆ ನಷ್ಟ? ಬೆಂಗಳೂರಿನವರಾದರೆ ಕಬ್ಬನ್ ಪಾರ್ಕಿನ ಮಕ್ಕಳ ಗ್ರಂಥಾಲಯಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಮಕ್ಕಳಿಗೆ ಅಲ್ಲಿ ಪುಸ್ತಕ ಹಿಡಿಸದಿದ್ದರೂ ಹೊರಗೆ ಮರಗಳಿವೆ, ಬೆಂಚಿನ ಮೇಲೆ ಕೂತು ನಿಮ್ಮದು ನಾಲ್ಕು ಪುಟವಾದರೂ ಆಗುತ್ತದೆ.

ಹೋದ ವಾರದ ಸಮಾಚಾರ ಇದು. ದೊಡ್ಡವಳು ಈಗ ಕಾಗುಣಿತ ಕೂಡಿಸಿಕೊಂಡು ಓದುತ್ತಾಳೆ. ಒತ್ತಕ್ಷರ ಬಂದ ಕಡೆ ಉಸಿರು ಬಿಗಿಹಿಡಿದು, ದಾಟಿದ ಮೇಲೆ ಬಿಡುತ್ತಾಳೆ. ಸಂಜೆ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತು ಏನೋ ಹಿಡಿದಿದ್ದಳು. "ಪುಟ್ಟೀ, ಉಪ್ಪಿಟ್ಟು ಆರಿಹೋಗ್ತಿದೆ ಬಾರೇ" ಎಂದು ಕರೆದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ತಲೆಯೆತ್ತದೆ, ಒಂದು ಕೈ ಮಾತ್ರ ಎತ್ತಿ, "ತಾಳಮ್ಮಾ, ಈ ಪುಟ ಮುಗೀಲಿ" ಎಂದಳು. ನಮ್ಮನೆಯವರು ನನ್ನ ಮುಖ ನೋಡಿದರು, ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಮೂರನೆಯ ಸಲ ಕರೆಯಲಿಲ್ಲ. ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿಟ್ಟೆ. ನನ್ನದೂ ಇನ್ನು ಮೂರು ಪುಟ ಬಾಕಿ ಇತ್ತು.